ಸಿನ್ಸಿನಾಟಿಯ ರಿಯಾಯತಿ ಚೀಟಿ

ಅಮೇರಿಕಕ್ಕೆ ಹೋಗಿ ಬಂದವರು ನಯಾಗರಾ ಜಲಪಾತವನ್ನೂ ನ್ಯೂಯಾರ್ಕಿನ ಗಗನಚುಂಬಿ ಸೌಧಗಳನ್ನೂ ವರ್ಣಿಸುವುದು ವಾಡಿಕೆ. ಅವುಗಳನ್ನು ನಾನೂ ನೋಡಿದೆನು. ಆದರೆ ಅವುಗಳ ವಿಷಯವಾಗಿ ವಾಚಕರು ಈಗಾಗಲೇ ಬೇಕಾದಷ್ಟು ಓದಿರುವುದರಿಂದ ಪುನಃ ಬರೆಯುವುದು ಪಿಷ್ಟಪೇಷಣವಾದೀತು. ನಾನು ಹೇಳಹೊರಟಿರುವುದು ಓಹಾಯೋ ನದಿಯ ದಂಡೆಯಲ್ಲಿರುವ ಸಿನ್ಸಿನಾಟಿ ಎಂಬ ನಗರದ ಒಂದು ದಿನಸಿ ಅಂಗಡಿಯಲ್ಲಿ, ಹಣ ಕೊಡುವ ಕಟ್ಟೆಯ ಮುಂದೆ, ಒಂದು ಡಾಲರಿನ ಚೀಟಿಯ ನಿಮಿತ್ತವಾಗಿ ನನಗಾದ ಅನುಭವವನ್ನು. ಪ್ರಸಂಗವು ಅಲ್ಪವೇ ಸರಿ. ಆದರೆ ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ಅರವತ್ತನೆಯ ವಯಸ್ಸಿನಲ್ಲಿ ತಾನೇ ಒಂದು ಪಾಠವನ್ನು ಕಲಿಯಬೇಕಾಗಿ ಬಂದರೆ, ಅದನ್ನು ಅಲ್ಪವೆಂದು ತಳ್ಳಿಬಿಡಲು ಮನಸ್ಸೊಪ್ಪದು. ಅಲ್ಲದೆ, ಇಂದು ಕನ್ನಡನಾಡಿನ ಎಷ್ಟೋ ಮನೆಗಳ ತಂದೆತಾಯಿಗಳು ಮಕ್ಕಳನ್ನು ನೋಡಲೆಂದು ಆ ದೇಶಕ್ಕೆ ಹೋಗಿ ತಿಂಗಳುಗಟ್ಟಲೆ ಇದ್ದು ಬರುವುದರಿಂದ, ಇದು ಅವರ ಉಪಯೋಗಕ್ಕೂ ಬಂದೀತೆಂದು ನಂಬಿರುವೆನು.

೨೦೨೨ನೆಯ ಇಸವಿಯ ಬೇಸಗೆಯಲ್ಲಿ ನಾನೂ ನನ್ನ ಪತ್ನಿಯೂ ಸಿನ್ಸಿನಾಟಿಯಲ್ಲಿ ಮಗಳ ಮನೆಯಲ್ಲಿದ್ದೆವು. ಆ ಊರು ಗುಡ್ಡಗಳ ಮೇಲೆಯೂ ಅವುಗಳ ಮಗ್ಗುಲಲ್ಲಿಯೂ ಹಬ್ಬಿಕೊಂಡಿದೆ. ನದಿಯ ಈಚೆಗೆ ಓಹಾಯೋ ಸಂಸ್ಥಾನ, ಆಚೆಗೆ ಕೆಂಟಕಿ ಸಂಸ್ಥಾನ. ಎರಡನ್ನೂ ಕೂಡಿಸುವುದಕ್ಕೆ ೧೮೬೬ರಲ್ಲಿ ಜನಸಂಚಾರಕ್ಕೆ ತೆರೆದ ಒಂದು ತೂಗುಸೇತುವೆ. ಅದನ್ನು ಕಟ್ಟಿಸಿದ ಜಾನ್ ರೋಬ್ಲಿಂಗ್ ಎಂಬ ಶಿಲ್ಪಿಯೇ ಮುಂದೆ ನ್ಯೂಯಾರ್ಕಿನ ಪ್ರಸಿದ್ಧವಾದ ಬ್ರೂಕ್ಲಿನ್ ಸೇತುವೆಯ ನಕ್ಷೆಯನ್ನು ರಚಿಸಿದನು. ಸಾಯಂಕಾಲ ಆ ಸೇತುವೆಯ ಮೇಲೆ ನಿಂತು, ಸರಕಿನ ದೋಣಿಗಳು ಮಂದಗತಿಯಿಂದ ಕೆಳಗೆ ಹಾದುಹೋಗುವುದನ್ನು ನೋಡುತ್ತಿದ್ದರೆ ಹೊತ್ತು ಹೋದುದೇ ತಿಳಿಯದು.

ಈ ಊರಿನ ಮೊದಲ ಹೆಸರಿನ ಕಥೆಯು ನನಗೆ ಬಹಳ ಹಿಡಿಸಿತು. ೧೭೮೮ರಲ್ಲಿ ಇಲ್ಲಿ ಮೊದಲು ನೆಲೆಸಿದವರು ಇದನ್ನು ಲೊಸಾಂಟಿವಿಲ್ ಎಂದು ಕರೆದರು. ಲಿಕಿಂಗ್ ಎಂಬ ಉಪನದಿಯ ಹೆಸರಿನ ಮೊದಲಕ್ಷರ, ಮುಖವೆಂಬ ಅರ್ಥದ ‘ಓಸ್’ ಎಂಬ ಲ್ಯಾಟಿನ್ ಪದ, ಎದುರು ಎಂಬ ಅರ್ಥದ ‘ಆಂಟಿ’ ಎಂಬ ಗ್ರೀಕ್ ಪದ, ಊರು ಎಂಬ ಅರ್ಥದ ‘ವಿಲ್’ ಎಂಬ ಫ್ರೆಂಚ್ ಪದ, ಇವು ನಾಲ್ಕನ್ನೂ ಸಮಾಸ ಮಾಡಿದರೆ ‘ಲಿಕಿಂಗ್ ನದಿಯ ಮುಖಕ್ಕೆ ಎದುರಾಗಿರುವ ಊರು’ ಎಂದಾಗುವುದು. ಇಂಥ ಸಮಾಸವನ್ನು ಕಟ್ಟಿದವನು ಜಾನ್ ಫಿಲ್ಸನ್ ಎಂಬಾತ. ಆತನು ಹಿಂದೆ ಶಾಲಾ ಉಪಾಧ್ಯಾಯನಾಗಿದ್ದನೆಂದು ತಿಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಮೇಷ್ಟರ ಪದವು ಹೆಚ್ಚು ಕಾಲ ಬಾಳಲಿಲ್ಲ. ಎರಡೇ ವರ್ಷಗಳಲ್ಲಿ, ೧೭೯೦ರಲ್ಲಿ, ಆ ಸೀಮೆಯ ಗವರ್ನರನು ಹೆಸರನ್ನು ಸಿನ್ಸಿನಾಟಿ ಎಂದು ಬದಲಾಯಿಸಿಬಿಟ್ಟನು. ಪದಗಳ ಅರ್ಥವನ್ನು ಬಿಡಿಸಿ ಕೂಡಿಸುವ ಚಪಲವು ನಮ್ಮ ವರ್ಗದವರಿಗೆ ಎಲ್ಲ ದೇಶಗಳಲ್ಲಿಯೂ ಇದ್ದದ್ದೇ. ಆ ಚಪಲವು ನನ್ನನ್ನು ಎಲ್ಲಿಗೆ ಕೊಂಡೊಯ್ದಿತೆಂಬುದನ್ನು ಮುಂದೆ ಹೇಳುವೆನು.

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಸಿನ್ಸಿನಾಟಿಯು ಹಂದಿಯ ಮಾಂಸದ ದೊಡ್ಡ ಪೇಟೆಯಾಗಿತ್ತು. ಜನರು ಪರಿಹಾಸ್ಯಕ್ಕಾಗಿ ಇದನ್ನು ‘ಪೋರ್ಕೊಪೊಲಿಸ್’, ಎಂದರೆ ಹಂದಿಪಟ್ಟಣ, ಎನ್ನುತ್ತಿದ್ದರು. ಮಾಂಸವಿದ್ದಲ್ಲಿ ಕೊಬ್ಬೂ, ಕೊಬ್ಬಿದ್ದಲ್ಲಿ ಮೇಣದಬತ್ತಿ ಸಾಬೂನುಗಳೂ ಆಗಬೇಕಷ್ಟೆ. ಇಂಗ್ಲೆಂಡಿನಿಂದ ಬಂದ ಮೇಣದಬತ್ತಿಯ ಕಸುಬಿನ ವಿಲಿಯಂ ಪ್ರಾಕ್ಟರನೂ ಐರ್ಲೆಂಡಿನಿಂದ ಬಂದ ಸಾಬೂನಿನ ಕಸುಬಿನ ಜೇಮ್ಸ್ ಗ್ಯಾಂಬಲನೂ ಇಲ್ಲಿ ಅಕ್ಕತಂಗಿಯರನ್ನು ಮದುವೆಯಾಗಿ, ಮಾವನ ಸಲಹೆಯಂತೆ ೧೮೩೭ರಲ್ಲಿ ಪಾಲುದಾರರಾದರು. ಇಂದು ನಮ್ಮ ಹಳ್ಳಿಗಳವರೆಗೂ ಸಾಬೂನಿನ ಪುಡಿಯನ್ನು ಕಳುಹಿಸುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪೆನಿಯು ಹುಟ್ಟಿದುದು ಹೀಗೆ. ೧೮೮೩ರಲ್ಲಿ ಬರ್ನಾರ್ಡ್ ಕ್ರೋಗರ್ ಎಂಬ ತರುಣನು ತನ್ನ ಉಳಿತಾಯದ ೩೭೨ ಡಾಲರುಗಳನ್ನು ಹಾಕಿ ಇದೇ ಊರಿನಲ್ಲಿ ಪಾಲುಗಾರಿಕೆಯ ದಿನಸಿ ಅಂಗಡಿಯನ್ನು ತೆರೆದನು. ಅದು ಬೆಳೆದು ಈಗ ಆ ದೇಶದ ಅತಿ ದೊಡ್ಡ ದಿನಸಿ ವ್ಯಾಪಾರ ಸಂಸ್ಥೆಗಳಲ್ಲೊಂದಾಗಿದೆ. ಸಾಬೂನು ಮಾಡುವವನು ರಿಯಾಯತಿ ಚೀಟಿಯನ್ನು ಅಚ್ಚು ಹಾಕಿಸುವನು, ದಿನಸಿ ಮಾರುವವನು ಅದನ್ನು ಸ್ವೀಕರಿಸುವನು. ಇಬ್ಬರ ಮೂಲಸ್ಥಾನವೂ ಇದೇ ಊರು. ಆದುದರಿಂದ ಈ ಚೀಟಿಯ ಧರ್ಮಸೂಕ್ಷ್ಮವನ್ನು ಕಲಿಯುವುದಕ್ಕೆ ಸಿನ್ಸಿನಾಟಿಗಿಂತ ತಕ್ಕ ಕ್ಷೇತ್ರವಿಲ್ಲ.

ಆ ಚೀಟಿಗೆ ಅಲ್ಲಿಯವರು ಕೂಪನ್ ಎನ್ನುತ್ತಾರೆ. ಅದರಲ್ಲಿ ಎರಡು ಬಗೆ. ಅಂಗಡಿಯವನು ತಾನೇ ಕೊಡುವುದು ಒಂದು. ಪದಾರ್ಥವನ್ನು ತಯಾರಿಸುವ ಕಂಪೆನಿಯು ಕೊಡುವುದು ಇನ್ನೊಂದು. ಈ ಎರಡನೆಯದು ಭಾನುವಾರದ ವೃತ್ತಪತ್ರಿಕೆಗಳ ನಡುವೆ ಬಣ್ಣಬಣ್ಣದ ಹಾಳೆಗಳಲ್ಲಿ ಬರುತ್ತಿತ್ತು. ಗೃಹಿಣಿಯು ಕತ್ತರಿಯಿಂದ ಕತ್ತರಿಸಿ ಅಂಗಡಿಗೆ ಒಯ್ದರೆ, ಇಂಥ ಹಲ್ಲುಪುಡಿಗೆ ಅರ್ಧ ಡಾಲರು, ಇಂಥ ಸಾಬೂನಿಗೆ ಒಂದು ಡಾಲರು ಎಂದು ಬೆಲೆಯಲ್ಲಿ ಕಡಮೆ ಮಾಡುವರು. ಪದ್ಧತಿಯು ಹಳೆಯದು. ೧೮೮೦ರ ದಶಕದ ಕೊನೆಯಲ್ಲಿ ಅಟ್ಲಾಂಟಾ ನಗರದ ಕೋಕಾ-ಕೋಲಾದವರು ‘ಒಂದು ಲೋಟ ಧರ್ಮಾರ್ಥ’ ಎಂಬ ಚೀಟಿಗಳನ್ನು ಹಂಚತೊಡಗಿದರು. ೧೮೯೪ರಿಂದ ೧೯೧೩ರವರೆಗೆ ಹೀಗೆ ೮೫ ಲಕ್ಷ ಲೋಟಗಳನ್ನು ಕೊಟ್ಟರೆಂಬ ಲೆಕ್ಕವಿದೆ. ಜನರಿಗೆ ಈ ಚೀಟಿಗಳ ಮೇಲಿರುವ ಮಮತೆ ಎಷ್ಟೆಂಬುದಕ್ಕೆ ಇನ್ನೊಂದು ದೃಷ್ಟಾಂತ: ೧೯೯೬ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪೆನಿಯು ನ್ಯೂಯಾರ್ಕ್ ಸಂಸ್ಥಾನದ ಬಫಲೊ, ರಾಚೆಸ್ಟರ್, ಸಿರಕ್ಯೂಸ್ ಪಟ್ಟಣಗಳ ಸೀಮೆಯಲ್ಲಿ ಕೂಪನ್ನುಗಳನ್ನು ನಿಲ್ಲಿಸಿ, ಬದಲಾಗಿ ಬೆಲೆಯನ್ನೇ ಇಳಿಸಿ ನೋಡುವೆನೆಂದು ಹೊರಟಿತು. ಲೆಕ್ಕದಲ್ಲಿ ನಷ್ಟವಿಲ್ಲವೆಂದರೂ ಜನರು ಕೇಳಲಿಲ್ಲ. ಅವರ ಪ್ರತಿಭಟನೆಯು ಹೆಚ್ಚಿ, ಮರುವರ್ಷವೇ ಆ ಪ್ರಯೋಗವನ್ನು ಕೈಬಿಡಬೇಕಾಯಿತು.

ಚೀಟಿಯ ತಲೆಯಲ್ಲಿ ಅವಧಿಯ ದಿನಾಂಕವಿರುವುದು. ನಡುವೆ ಪದಾರ್ಥದ ಚಿತ್ರ. ಕೆಳಗೆ ಇರುವೆಯ ಸಾಲಿನಂತಹ ಅಕ್ಷರಗಳಲ್ಲಿ ನಿಬಂಧನೆಗಳು. ಯಾವ ಪದಾರ್ಥ, ಎಷ್ಟು ತೂಕ, ಎಷ್ಟು ಸಂಖ್ಯೆ, ಒಂದು ಖರೀದಿಗೆ ಎಷ್ಟು ಚೀಟಿ, ಎಲ್ಲವೂ ಅಲ್ಲಿರುತ್ತವೆ. ‘ಈ ಚೀಟಿಯ ನಗದು ಬೆಲೆ ಒಂದು ಸೆಂಟಿನ ನೂರರಲ್ಲೊಂದು ಭಾಗ’ ಎಂದು ಬರೆದಿರುವುದನ್ನು ಓದಿ ನಾನು ನಕ್ಕುಬಿಟ್ಟೆನು. ಇಂಥ ಚೀಟಿಗೆ ಏನಾದರೊಂದು ನಗದು ಬೆಲೆಯಿರಲೇಬೇಕೆಂಬ ಕಾನೂನು ಕೆಲವು ಸಂಸ್ಥಾನಗಳಲ್ಲಿದ್ದುದರಿಂದ ಹಾಗೆ ಬರೆಯುವ ರೂಢಿ ಬಂದಿತಂತೆ.

ಇದರ ಹಣದ ದಾರಿಯನ್ನು ವಾಚಕರು ಗಮನಿಸಬೇಕು. ಅಂಗಡಿಯವರು ನಮಗೆ ಒಂದು ಡಾಲರನ್ನು ಬಿಟ್ಟುಕೊಟ್ಟು ಚೀಟಿಯನ್ನು ಗಲ್ಲೆಯಲ್ಲಿ ನಗದಿನಂತೆಯೇ ಜೋಪಾನವಾಗಿ ಇಡುವರು. ಹೀಗೆ ಕೂಡಿದ ಚೀಟಿಗಳನ್ನು ಲೆಕ್ಕ ಹಾಕುವ ಪ್ರತ್ಯೇಕ ಸಂಸ್ಥೆಗಳಿಗೆ ಕಳುಹಿಸುವರು. ಅವುಗಳಲ್ಲಿ ಬಹಳಷ್ಟನ್ನು ಗಡಿಯಾಚೆ ಮೆಕ್ಸಿಕೊ ದೇಶದಲ್ಲಿ ವಿಂಗಡಿಸುವರು. ಬಳಿಕ ತಯಾರಕ ಕಂಪೆನಿಯು ಚೀಟಿಯ ಮುಖಬೆಲೆಯನ್ನೂ, ಶ್ರಮಕ್ಕೆಂದು ಸಾಮಾನ್ಯವಾಗಿ ೮ ಸೆಂಟುಗಳನ್ನೂ ಅಂಗಡಿಗೆ ಕೊಡುವುದು. ನಿಬಂಧನೆಗೆ ವಿರೋಧವಾಗಿ ಪಡೆದ ಚೀಟಿಗೆ ಕಂಪೆನಿಯು ಹಣ ಕೊಡಬೇಕಾಗಿಲ್ಲ. ಆಗ ನಷ್ಟವು ಅಂಗಡಿಯ ಪಾಲಿಗೆ. ಓಹಾಯೋದಲ್ಲಿ ಮನೆಗೆ ಒಯ್ಯುವ ಆಹಾರಕ್ಕೆ ಮಾರಾಟ ತೆರಿಗೆಯಿಲ್ಲ; ಹಲ್ಲುಜ್ಜುವ ಪೇಸ್ಟು ಮೊದಲಾದುವಕ್ಕೆ ಉಂಟು. ಕಂಪೆನಿಯ ಚೀಟಿಯನ್ನು ಕೊಟ್ಟಾಗ ತೆರಿಗೆಯನ್ನು ಪೂರ್ಣ ಬೆಲೆಯ ಮೇಲೆಯೇ ಹಾಕುವರು. ಏಕೆಂದರೆ ಅಂಗಡಿಗೆ ಒಟ್ಟಿನಲ್ಲಿ ಪೂರ್ಣ ಬೆಲೆಯೇ ಸೇರುತ್ತದೆ. ಇದನ್ನರಿಯದೆ ‘ರಿಯಾಯತಿ ಕೊಟ್ಟ ಹಣಕ್ಕೂ ತೆರಿಗೆಯೇ?’ ಎಂದು ಅಂಗಡಿಯ ನೌಕರರ ಮೇಲೆ ಹರಿಹಾಯುವವರುಂಟು.

ಈ ವಿದ್ಯೆಯಲ್ಲಿ ನನಗೆ ಗುರುವಾದವರು ಮಗಳ ಪಕ್ಕದ ಮನೆಯ ವೃದ್ಧೆ. ಆಕೆಯ ಬಳಿ ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಅಕಾರಾದಿಯಾಗಿ ಜೋಡಿಸಿದ ಚೀಟಿಗಳು. ನನ್ನ ಕುತೂಹಲವನ್ನು ಕಂಡು ತಮ್ಮ ಪತ್ರಿಕೆಯ ಹಾಳೆಗಳಲ್ಲಿ ಕೆಲವನ್ನು ನನಗೂ ಕೊಟ್ಟು, ಮೂರು ಮಾತುಗಳನ್ನು ಹೇಳಿದರು: “ಮನೆಯಲ್ಲಿಯೇ ಚೀಟಿಯನ್ನು ಪೂರ್ತಿಯಾಗಿ ಓದಿರಿ. ಭಾನುವಾರ ಸಂಜೆ ಹೋಗಬೇಡಿರಿ, ವಾರದ ನಡುವೆ ಬೆಳಗ್ಗೆ ಹೋಗಿರಿ. ಗಲ್ಲೆಯಲ್ಲಿರುವ ಹುಡುಗಿ ನಿಮ್ಮ ಶತ್ರುವಲ್ಲ.” ನಾನು ತಲೆಯಾಡಿಸಿ ಬಂದೆನು. ಮೂರರಲ್ಲಿ ಒಂದನ್ನೂ ಪಾಲಿಸಲಿಲ್ಲ.

ಜುಲೈ ೩ನೆಯ ತಾರೀಖು, ಭಾನುವಾರ ಸಂಜೆ. ಮರುದಿನ ಆ ದೇಶದ ಸ್ವಾತಂತ್ರ್ಯೋತ್ಸವ. ಅಂಗಡಿಯಲ್ಲಿ ಕಾಲಿಡಲು ತೆರಪಿಲ್ಲದಷ್ಟು ಜನ. ಹಲ್ಲುಜ್ಜುವ ಪೇಸ್ಟಿನ ಎರಡು ಡಬ್ಬಿಗಳನ್ನೂ, ಅದಕ್ಕೆ ಸರಿಯಾದ ಒಂದೊಂದು ಡಾಲರಿನ ಎರಡು ಚೀಟಿಗಳನ್ನೂ ಹಿಡಿದು ನಾನು ಮಗಳೊಡನೆ ಸಾಲಿನಲ್ಲಿ ನಿಂತೆನು. ಒಂದು ಡಾಲರೆಂದರೆ ಆಗ ನಮ್ಮ ೭೯ ರೂಪಾಯಿ. ಗಲ್ಲೆಯಲ್ಲಿದ್ದಾಕೆ ನಡುವಯಸ್ಸಿನ ಹೆಂಗಸು. ಅಲ್ಲಿಯ ಅಂಗಡಿಗಳಲ್ಲಿ ಈ ಕೆಲಸದವರು ಕುಳಿತುಕೊಳ್ಳುವುದು ಅಪರೂಪ, ನಿಂತೇ ಇರುವರು. ಆಕೆ ಪದಾರ್ಥಗಳನ್ನು ಬೆಳಕಿನ ಗಾಜಿನ ಮೇಲೆ ಹಾಯಿಸಿ, ಮೊದಲನೆಯ ಚೀಟಿಯನ್ನು ತೆಗೆದುಕೊಂಡಳು. ಎರಡನೆಯದನ್ನು ಹಾಯಿಸಿದೊಡನೆ ಯಂತ್ರವು ಕೀರಲು ಸದ್ದು ಮಾಡಿತು. ಆಕೆ ಚೀಟಿಯನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ಓದಿ, “ಕ್ಷಮಿಸಿ ಸರ್, ಒಂದು ಪರ್ಚೇಸಿಗೆ ಒಂದೇ ಕೂಪನ್ ಎಂದಿದೆ” ಎಂದಳು.

ಇಷ್ಟು ಸಾಕಾಯಿತು. ನಾನು ಓದಿದುದು ಸಂಸ್ಕೃತ. ಮೀಮಾಂಸಾಶಾಸ್ತ್ರದಲ್ಲಿ ಗ್ರಹೈಕತ್ವನ್ಯಾಯವೆಂದು ಒಂದುಂಟು. ಸೋಮರಸದ ಪಾತ್ರೆಯನ್ನು ಒರೆಸಬೇಕೆಂಬ ವಿಧಿಯಲ್ಲಿ ‘ಪಾತ್ರೆ’ ಎಂದು ಏಕವಚನವಿದ್ದರೂ, ಒಂದನ್ನೇ ಒರೆಸಿ ಉಳಿದುವನ್ನು ಬಿಡತಕ್ಕದ್ದಲ್ಲ, ಪ್ರತಿಯೊಂದು ಪಾತ್ರೆಯನ್ನೂ ಒರೆಸತಕ್ಕದ್ದೆಂದು ಅಲ್ಲಿ ನಿರ್ಣಯ. ಹಾಗೆಯೇ ‘ಪರ್ಚೇಸ್’ ಎಂದರೆ ಕೊಂಡ ಒಂದೊಂದು ಪದಾರ್ಥ. ಇಡೀ ಬಿಲ್ಲಿಗೆ ‘ಟ್ರಾನ್ಸಾಕ್ಷನ್’ ಎಂದು ಬೇರೆಯೇ ಹೆಸರು. ಎರಡು ಡಬ್ಬಿ, ಆದುದರಿಂದ ಎರಡು ಪರ್ಚೇಸು, ಆದುದರಿಂದ ಎರಡು ಚೀಟಿ. ಪೂರ್ವಪಕ್ಷ ಸಿದ್ಧಾಂತಗಳೊಡನೆ ಇದನ್ನು ನಾನು ಆಕೆಗೆ ತರಗತಿಯ ಧ್ವನಿಯಲ್ಲಿ ಬೋಧಿಸಿದೆನು. ಆಕೆ ಮತ್ತೆ “ಕ್ಷಮಿಸಿ” ಎಂದಳು. ನಾನು ಧ್ವನಿಯನ್ನು ಇನ್ನೂ ಏರಿಸಿದೆನು. ನಾನು ಬಾಲಕನಾಗಿದ್ದ ೧೯೭೦ರ ದಶಕದಲ್ಲಿ ಸಕ್ಕರೆಗೂ ಸೀಮೆಎಣ್ಣೆಗೂ ರೇಷನ್ ಕಾರ್ಡನ್ನು ಹಿಡಿದು ಗಂಟೆಗಟ್ಟಲೆ ನಿಂತವನು. ಗದ್ದಲ ಮಾಡದವನ ಡಬ್ಬಿ ತುಂಬದೆಂಬ ನಂಬಿಕೆಯು ಆಗಲೇ ನನ್ನಲ್ಲಿ ಬೇರೂರಿತ್ತೆಂದು ತೋರುತ್ತದೆ. ನಮ್ಮ ಹಿಂದೆ, ನಿದ್ದೆಹೋದ ಕೂಸನ್ನು ಹೆಗಲಿಗೆ ಹಾಕಿಕೊಂಡ ಒಬ್ಬ ತಾಯಿ ನಿಂತಿದ್ದಳು. ಅವಳ ಹಿಂದಿನವರು ಒಬ್ಬೊಬ್ಬರಾಗಿ ಬೇರೆ ಸಾಲಿಗೆ ಹೋಗತೊಡಗಿದರು. ಮಗಳು ಮೆಲ್ಲನೆ, “ಅಪ್ಪಾ, ಬಿಡಿ” ಎಂದಳು. ನಾನು ಬಿಡಲಿಲ್ಲ.

ಆಕೆ ಗಲ್ಲೆಯ ಮೇಲಿನ ದೀಪವನ್ನು ಮಿನುಗಿಸಿ ಮೇಲ್ವಿಚಾರಕನನ್ನು ಕರೆದಳು. ಆತನು ತರುಣ, ವಯಸ್ಸಿನಲ್ಲಿ ಆಕೆಯ ಮಗನಂತಿದ್ದವನು. ಚೀಟಿಯನ್ನು ನೋಡಿ, ಒಂದು ಕೀಲಿಯನ್ನು ಒತ್ತಿ, ಎಲ್ಲರೂ ಕೇಳುವಂತೆ, “ಪರ್ಚೇಸ್ ಎಂದರೆ ಪ್ರತಿಯೊಂದು ಪದಾರ್ಥ. ಇದನ್ನು ತರಬೇತಿಯಲ್ಲಿಯೇ ಹೇಳಿದ್ದೇವಲ್ಲ” ಎಂದು ಹೊರಟುಹೋದನು. ಆಕೆಯ ಮುಖ ಕಿವಿಯವರೆಗೂ ಕೆಂಪಾಯಿತು. ನನಗೆ ಒಂದು ಡಾಲರು ದಕ್ಕಿತು.

ಆ ಮುಖವನ್ನು ನಾನು ಹಿಂದೆ ಎಲ್ಲಿಯೋ ನೋಡಿದ್ದೆನೆನಿಸಿತು. ಮೋಟಾರಿನಲ್ಲಿ ಕುಳಿತ ಮೇಲೆ ನೆನಪಾಯಿತು: ಅದು ನನ್ನದೇ ಮುಖ. ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲಿ ತನಿಖೆಗೆ ಬಂದ ಇನ್‌ಸ್ಪೆಕ್ಟರರು ಹಲಗೆಯ ಮೇಲೆ ನಾನು ಬರೆದಿದ್ದ ಒಂದು ತಪ್ಪನ್ನು ಮಕ್ಕಳೆದುರಿಗೇ ತೋರಿಸಿ ಹಾಸ್ಯ ಮಾಡಿದ್ದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೂ ಆ ದಿನ ನಾನು ಮನೆಗೆ ಹೋಗಿ ಊಟ ಮಾಡಲಿಲ್ಲ. ಮಗಳು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ, “ಅಪ್ಪಾ, ನೀವು ಹೇಳಿದ ಅರ್ಥವೇ ಸರಿ. ಆದರೆ ಆ ಡಾಲರು ಆಕೆಯದೂ ಅಲ್ಲ, ಅಂಗಡಿಯದೂ ಅಲ್ಲ, ಪೇಸ್ಟಿನ ಕಂಪೆನಿಯದು. ಆಕೆ ಅದನ್ನು ಬಚ್ಚಿಟ್ಟುಕೊಂಡವಳಂತೆ ನೀವು ಮಾತಾಡಿದಿರಿ” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಅರ್ಥದಲ್ಲಿ ಗೆದ್ದು ನಡತೆಯಲ್ಲಿ ಸೋತಿದ್ದೆನು.

ಮುಂದಿನ ಶನಿವಾರ ಅಳಿಯನು ನಮ್ಮನ್ನು ಡೇಟನ್ ಪಟ್ಟಣಕ್ಕೆ ಕರೆದುಕೊಂಡು ಹೋದನು. ಸಿನ್ಸಿನಾಟಿಯಿಂದ ಉತ್ತರಕ್ಕೆ ಮೋಟಾರಿನಲ್ಲಿ ಒಂದು ಗಂಟೆಯ ದಾರಿ. ವಿಮಾನವನ್ನು ನಿರ್ಮಿಸಿದ ರೈಟ್ ಸಹೋದರರ ಊರೆಂದು ಅದನ್ನು ಎಲ್ಲರೂ ಬಲ್ಲರು. ಆದರೆ ಅಲ್ಲಿಯ ಕ್ಯಾರಿಲನ್ ಐತಿಹಾಸಿಕ ಉದ್ಯಾನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದುದು ವಿಮಾನವಲ್ಲ, ಸಾಲಾಗಿ ಇಟ್ಟಿದ್ದ ಹಿತ್ತಾಳೆಯ ಹಳೆಯ ಗಲ್ಲೆಯಂತ್ರಗಳು. ಗಲ್ಲೆಯಂತ್ರವು ಹುಟ್ಟಿದುದೇ ಡೇಟನ್ನಿನಲ್ಲಿ. ಜೇಮ್ಸ್ ರಿಟಿ ಎಂಬ ಪಾನಗೃಹದ ಒಡೆಯನು ತನ್ನ ನೌಕರರು ಹಣ ಕದಿಯುವರೆಂದು ಬಹಳವಾಗಿ ಕಳವಳಪಡುತ್ತಿದ್ದನು. ಯೂರೋಪಿಗೆ ಹಡಗಿನಲ್ಲಿ ಹೋಗುವಾಗ ಅದರ ತಿರುಗುಚಕ್ರದ ಸುತ್ತುಗಳನ್ನು ಎಣಿಸುವ ಯಂತ್ರವನ್ನು ಕಂಡು, ಹಾಗೆಯೇ ಹಣವನ್ನೂ ಎಣಿಸಬಾರದೇಕೆಂದು ಆಲೋಚಿಸಿ, ಸಹೋದರನೊಡನೆ ಸೇರಿ ೧೮೭೯ರಲ್ಲಿ ಒಂದು ಯಂತ್ರಕ್ಕೆ ಪೇಟೆಂಟನ್ನು ಪಡೆದನು. ಅದಕ್ಕೆ ಆತನಿಟ್ಟ ಹೆಸರು ‘ರಿಟಿಯ ಭ್ರಷ್ಟನಾಗದ ಖಜಾಂಚಿ’! ೧೮೮೪ರಲ್ಲಿ ಜಾನ್ ಪ್ಯಾಟರ್ಸನ್ ಎಂಬಾತನು ಆ ಉದ್ಯಮವನ್ನು ಕೊಂಡು ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪೆನಿಯೆಂದು ಹೆಸರಿಟ್ಟು ಲೋಕಪ್ರಸಿದ್ಧಗೊಳಿಸಿದನು.

ಡೇಟನ್ನಿನಿಂದ ಮತ್ತೂ ಉತ್ತರಕ್ಕೆ ಅರ್ಧ ಗಂಟೆ ಹೋದರೆ ಟ್ರಾಯ್ ಎಂಬ ಸಣ್ಣ ಪಟ್ಟಣ. ಈಗ ಎಲ್ಲ ಪೊಟ್ಟಣಗಳ ಮೇಲೆಯೂ ಕಾಣುವ ಕರಿಯ ಗೆರೆಗಳ ಬಾರ್‌ಕೋಡನ್ನು ದಿನಸಿ ಅಂಗಡಿಯಲ್ಲಿ ಮೊಟ್ಟಮೊದಲು ಬೆಳಕಿಗೆ ಹಿಡಿದುದು ಅಲ್ಲಿಯ ಮಾರ್ಷ್ ಅಂಗಡಿಯಲ್ಲಿ, ೧೯೭೪ರ ಜೂನ್ ೨೬ರಂದು. ಆ ಪದಾರ್ಥವು ರಿಗ್ಲಿ ಕಂಪೆನಿಯ ಅಗಿಯುವ ಗಮ್ಮಿನ ಒಂದು ಕಟ್ಟು. ಬೆಲೆ ೬೭ ಸೆಂಟು. ಮಾರ್ಷ್ ಅಂಗಡಿಗಳು ೨೦೧೭ರಲ್ಲಿ ಮುಚ್ಚಿಹೋದುವು. ಗೆರೆಗಳು ಮಾತ್ರ ಲೋಕವನ್ನೆಲ್ಲ ವ್ಯಾಪಿಸಿದುವು.

ಹಿಂದಿರುಗುವಾಗ ದಾರಿಯುದ್ದಕ್ಕೂ ಆ ಯಂತ್ರದ ಹೆಸರೇ ಮನಸ್ಸಿನಲ್ಲಿ ಸುತ್ತುತ್ತಿದ್ದಿತು. ಗಲ್ಲೆಯ ಯಂತ್ರವು ಹುಟ್ಟಿದುದು ನೌಕರನ ಮೇಲಿನ ಅಪನಂಬಿಕೆಯಿಂದ. ಆ ಅಪನಂಬಿಕೆಯು ಇಂದಿಗೂ ಅದರೊಳಗೆ ಕುಳಿತಿದೆ. ಅನೇಕ ಅಂಗಡಿಗಳಲ್ಲಿ ನಿಮಿಷಕ್ಕೆ ಎಷ್ಟು ಪದಾರ್ಥಗಳನ್ನು ಹಾಯಿಸಿದರೆಂಬುದನ್ನೂ ಅದು ಲೆಕ್ಕವಿಡುವುದು. ದಿನದ ಕೊನೆಗೆ ನೋಟೂ ನಾಣ್ಯವೂ ಚೀಟಿಯೂ ಲೆಕ್ಕಕ್ಕೆ ತಾಳೆಯಾಗಬೇಕು. ಇನ್ನೊಂದು ಕಡೆಯಿಂದ ಕಳ್ಳಚೀಟಿಗಳ ಕಾಟ. ೨೦೨೧ರಲ್ಲಿ ವರ್ಜೀನಿಯಾ ಸಂಸ್ಥಾನದ ಒಬ್ಬ ಹೆಂಗಸಿಗೆ, ಮನೆಯಲ್ಲಿ ನಕಲಿ ಕೂಪನ್ನುಗಳನ್ನು ತಯಾರಿಸಿ ಹಂಚಿದ ಅಪರಾಧಕ್ಕಾಗಿ, ೧೨ ವರ್ಷಗಳ ಸೆರೆಮನೆಯಾಯಿತು. ಅದರಿಂದಾದ ನಷ್ಟವು ೩ ಕೋಟಿ ೧೦ ಲಕ್ಷ ಡಾಲರುಗಳಿಗೂ ಮಿಕ್ಕಿತ್ತು. ಮೇಲಿನವರ ಎಚ್ಚರಿಕೆ, ಯಂತ್ರದ ಸದ್ದು, ಹಿಂದಿನ ಸಾಲಿನ ಅವಸರ, ಎದುರಿಗೆ ನನ್ನಂತಹ ವ್ಯಾಖ್ಯಾನಕಾರ, ಇವು ನಾಲ್ಕರ ನಡುವೆ ಆ ಹೆಂಗಸು ನಿಂತಿದ್ದಳು. ನಿಬಂಧನೆಯನ್ನು ಬರೆದವನು ಎಲ್ಲಿಯೋ ದೂರದಲ್ಲಿದ್ದನು. ಅವನ ವಾಕ್ಯದ ಅಸ್ಪಷ್ಟತೆಗೆ ದಂಡ ತೆತ್ತವಳು ಆಕೆ.

ಮಂಗಳವಾರ, ಜುಲೈ ೧೨, ಬೆಳಗ್ಗೆ ಹತ್ತು ಗಂಟೆಗೆ ನಾನು ನಡೆದುಕೊಂಡೇ ಅಂಗಡಿಗೆ ಹೋದೆನು. ಸಾಲುಗಳು ಬರಿದಾಗಿದ್ದುವು. ಅದೃಷ್ಟವಶಾತ್ ಆಕೆ ಅದೇ ಗಲ್ಲೆಯಲ್ಲಿದ್ದಳು. ಹಲ್ಲುಜ್ಜುವ ಕುಂಚವೊಂದನ್ನೂ ಅದರ ಚೀಟಿಯನ್ನೂ ಮುಂದಿಟ್ಟು, “ತಾಯೀ, ಆ ಭಾನುವಾರ ನಾನು ಮಾತಾಡಿದ ರೀತಿ ಸರಿಯಲ್ಲ. ಎಲ್ಲರೆದುರಿಗೂ ನಿಮಗೆ ನೋವಾಯಿತು. ಕ್ಷಮಿಸಬೇಕು” ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದ್ದಾಯಿತು. ಆಕೆ ಮೊದಲು ಗುರುತು ಹಿಡಿಯಲಿಲ್ಲ. ಹಿಡಿದ ಮೇಲೆ ನಕ್ಕಳು. “ಹಿಂದಿನ ತಿಂಗಳು ನಾನು ತೆಗೆದುಕೊಂಡ ಒಂದು ಚೀಟಿ ನಕಲಿಯೆಂದು ತಿಳಿದುಬಂದು ಮಾತು ಕೇಳಬೇಕಾಯಿತು. ಅಂದಿನಿಂದ ಪ್ರತಿಯೊಂದು ಚೀಟಿಯನ್ನೂ ಹೆದರಿ ಹೆದರಿ ನೋಡುತ್ತೇನೆ. ನೀವು ಬಂದು ಹೇಳಿದಿರಲ್ಲ, ಅದೇ ಸಂತೋಷ” ಎಂದು, ನನ್ನ ಚೀಟಿಯನ್ನು ಕೈಗೆ ತೆಗೆದುಕೊಂಡು ತಡೆದಳು. “ಆದರೆ ಸರ್, ಇದರ ಅವಧಿ ಶನಿವಾರಕ್ಕೇ ಮುಗಿಯಿತು.”

ಚೀಟಿಯ ತಲೆಯಲ್ಲಿ ೦೭/೦೯/೨೨ ಎಂದಿತ್ತು. ನಾನು ಅದನ್ನು ಸೆಪ್ಟೆಂಬರ್ ಏಳು ಎಂದು ಓದಿಕೊಂಡಿದ್ದೆನು. ಆ ದೇಶದವರು ತಿಂಗಳನ್ನು ಮೊದಲು ಬರೆದು ಆಮೇಲೆ ದಿನವನ್ನು ಬರೆಯುವರು. ಆದುದರಿಂದ ಅದು ಜುಲೈ ಒಂಬತ್ತು. ‘ಪ್ರಶ್ನೆಯನ್ನು ಎರಡು ಸಲ ಓದಿ ಉತ್ತರ ಬರೆಯಿರಿ’ ಎಂದು ಮೂವತ್ತನಾಲ್ಕು ವರ್ಷ ಹೇಳುತ್ತ ಬಂದ ನಾನು ದಿನಾಂಕವನ್ನೇ ಓದಲರಿಯದೆ ನಿಂತಿದ್ದೆನು. ಆಕೆ ಇಚ್ಛಿಸಿದ್ದರೆ ನನಗೊಂದು ಉಪನ್ಯಾಸವನ್ನು ಕೊಡಬಹುದಾಗಿತ್ತು. ಧ್ವನಿಯನ್ನು ತಗ್ಗಿಸಿ, “ನಾಳೆ ಬುಧವಾರ ಹೊಸ ವಾರದ ಬೆಲೆಗಳು ಬರುತ್ತವೆ. ಈ ಕುಂಚಕ್ಕೆ ಅಂಗಡಿಯ ರಿಯಾಯತಿಯೇ ಇದೆ, ನಿಮ್ಮ ಚೀಟಿಗಿಂತ ಹೆಚ್ಚು. ಇಂದು ಕೊಳ್ಳಬೇಡಿ” ಎಂದು ಕುಂಚವನ್ನು ಪಕ್ಕಕ್ಕೆ ತೆಗೆದಿಟ್ಟಳು.

ಅಂದಿನಿಂದ ನಾನು ಪಾಲಿಸಿದ ಕ್ರಮವನ್ನು, ಹೋಗುವವರ ಅನುಕೂಲಕ್ಕಾಗಿ, ಸಂಕ್ಷೇಪವಾಗಿ ತಿಳಿಸುವೆನು. ಪದಾರ್ಥದ ಹೆಸರು, ತೂಕ, ಸಂಖ್ಯೆ, ದಿನಾಂಕ, ಈ ನಾಲ್ಕನ್ನೂ ಮನೆಯಲ್ಲಿಯೇ ಓದಿ ಚೀಟಿಯನ್ನು ವಿಂಗಡಿಸತಕ್ಕದ್ದು. ದೊಡ್ಡ ಅಂಗಡಿಗಳು ಕೂಪನ್ನುಗಳ ವಿಷಯದಲ್ಲಿ ತಮ್ಮ ನಿಯಮಗಳನ್ನು ಪ್ರಕಟಿಸಿರುತ್ತವೆ. ಅದರ ಒಂದು ಪ್ರತಿ ಜೇಬಿನಲ್ಲಿದ್ದರೆ ವಾದಕ್ಕೆ ಅವಕಾಶವೇ ಇರದು. ಚೀಟಿಗಳಿವೆಯೆಂಬುದನ್ನು ಮೊದಲೇ ತಿಳಿಸಬೇಕು. ಯಂತ್ರವು ಒಪ್ಪದಿದ್ದರೆ ಒಂದು ಸಲ ಮೃದುವಾಗಿ ಕೇಳಬೇಕು. ಆಗಲೂ ಆಗದೆಂದರೆ ಆ ಪದಾರ್ಥವನ್ನು ಬಿಟ್ಟು, ಉಳಿದುದಕ್ಕೆ ಹಣ ಕೊಟ್ಟು, ಸಾಲಿನವರನ್ನು ಮುಂದೆ ಬಿಡಬೇಕು. ವಾದವೇನಿದ್ದರೂ ಗ್ರಾಹಕರ ವಿಚಾರಣೆಗೆಂದೇ ಇರುವ ಮೇಜಿನ ಬಳಿ ಮಾಡತಕ್ಕದ್ದು. ಅಧಿಕಾರವಿರುವವರು ಅಲ್ಲಿರುತ್ತಾರೆ, ಗಲ್ಲೆಯ ಬಳಿ ಅಲ್ಲ. ಈಚೆಗೆ ಕಾಗದದ ಚೀಟಿಗಳು ಕಡಮೆಯಾಗಿ, ಬಹುಪಾಲು ರಿಯಾಯತಿಗಳನ್ನು ಕೈಫೋನಿನಲ್ಲಿಯೇ ಆರಿಸಿಕೊಳ್ಳಬೇಕಾಗಿದೆ. ಅದನ್ನು ಅರಿಯದ ವೃದ್ಧರು ಹೆಚ್ಚು ಬೆಲೆ ತೆರುವಂತಾಗುವುದು. ಅಂಥವರು ಸಂಕೋಚಪಡದೆ ಅದೇ ಮೇಜಿನಲ್ಲಿ ಕೇಳಿದರೆ ನೆರವು ದೊರೆಯುವುದುಂಟು.

ಊರಿಗೆ ಹಿಂದಿರುಗಿದ ಮೇಲೆ ಒಂದು ದಿನ ನಮ್ಮ ನ್ಯಾಯಬೆಲೆ ಅಂಗಡಿಯ ಮುಂದೆ ಹಾದುಹೋಗುತ್ತಿದ್ದೆನು. ಈಗ ಅಲ್ಲಿ ಅಕ್ಕಿಯನ್ನು ಪಡೆಯಬೇಕಾದರೆ ಯಂತ್ರದ ಮೇಲೆ ಹೆಬ್ಬೆರಳನ್ನು ಒತ್ತಬೇಕು. ಜೀವಮಾನವೆಲ್ಲ ಕೂಲಿ ಮಾಡಿ ಗೆರೆಗಳು ಸವೆದ ಒಬ್ಬ ಮುದುಕಿಯ ಬೆರಳನ್ನು ಯಂತ್ರವು ಮೂರು ಸಲವೂ ಒಪ್ಪಲಿಲ್ಲ. ಸಾಲಿನಲ್ಲಿದ್ದವರು ಅಂಗಡಿಯ ಹುಡುಗನನ್ನು ಬಯ್ಯತೊಡಗಿದರು. ಅವನ ಮುಖವೂ ಕೆಂಪಾಗಿತ್ತು. ನಾನು ಹತ್ತಿರ ಹೋಗಿ, “ಯಂತ್ರದ ತಪ್ಪಿಗೆ ಅವನೇನು ಮಾಡಿಯಾನು? ಬೆರಳನ್ನು ತೊಳೆದು ಒರೆಸಿಕೊಂಡು ಇನ್ನೊಮ್ಮೆ ಒತ್ತು, ಅಜ್ಜೀ” ಎಂದೆನು. ಹುಡುಗನು ತನ್ನ ಹೆಗಲ ಮೇಲಿನ ವಸ್ತ್ರವನ್ನೇ ಆಕೆಗೆ ಕೊಟ್ಟನು. ನಾಲ್ಕನೆಯ ಸಲ ಯಂತ್ರವು ಒಪ್ಪಿತು. ಮುದುಕಿಯು ಅಕ್ಕಿಯ ಚೀಲವನ್ನು ಎತ್ತಿಕೊಳ್ಳುವಾಗ ಆ ಹುಡುಗನಿಗೆ, “ನಿನ್ನ ಹೊಟ್ಟೆ ತಣ್ಣಗಿರಲಿ, ಮಗಾ” ಎಂದು ಹೇಳಿ ಹೋದಳು.